ಅರೆನೀರಿನ ಸರದಿ

ಬೆಳಿಗ್ಗೆ ಏಳು ಗಂಟೆಯೊಳಗೆ ಫೋನ್ ಬಂದರೆ ಯಾರಿಗೋ ಏನೋ ಆಗಿದೆ ಎಂದೇ ತಹಸೀನ್‌ಗೆ ಮೊದಲು ಅನಿಸುವುದು. ಆ ಗುರುವಾರ ಆರೂಕಾಲಿಗೆ ಫೋನ್ ಬಡಿದುಕೊಂಡಾಗಲೂ ಅಷ್ಟೆ. ಯಾರ ಹೆಸರಿದೆ ಎಂದು ನೋಡುವ ಮೊದಲೇ ಅವಳು ಮನೆಯವರನ್ನೆಲ್ಲ ಮನಸ್ಸಿನಲ್ಲೇ ಒಂದು ಸಲ ಎಣಿಸಿದಳು. ಎಲ್ಲರೂ ಒಳಗೇ ಮಲಗಿದ್ದರು. ಕರೆದಿದ್ದವನು ನೀರುಗಂಟಿ ಕೆಂಪಸಿದ್ದಯ್ಯ.

"ತಾಸೀನವ್ವ, ಒಸಿ ಬಿರ್ನೆ ಬಾರವ್ವ. ಕೆರಗೋಡು ತೂಬಿನ್ತಾವ ಇಬ್ರು ನಿಂತವ್ರೆ. ಇಬ್ರು ಪೋನ್ನಾಗೂ ಇವತ್ತು ಆರ್ ಗಂಟೆ ನೀರು ನಂದೇ ಅಂತ ಬಂದದಂತೆ. ನನ್ತಾವ ಇರೋದು ಒಂದೇ ತೂಬು."

ತಹಸೀನ್ ಆರು ವರ್ಷದಿಂದ ನಾಲೆ ನೀರು ಬಳಕೆದಾರರ ಒಕ್ಕೂಟದ ಮಂಡ್ಯ ಕಚೇರಿಯಲ್ಲಿದ್ದಳು. ಒಕ್ಕೂಟಕ್ಕೆ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಕಚೇರಿ ಬೇರೆ. ನಾಲೆಯ ನೀರು ಯಾರ ಗದ್ದೆಗೆ, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಈಗ ಜಮೀನಿನ ಪಟ್ಟಿಯೆಲ್ಲ ಮಂಡ್ಯದ ಡೇಟಾಬೇಸಿನಲ್ಲಿತ್ತು. ಅದನ್ನು ಮೂರು ಪ್ರೋಗ್ರಾಮುಗಳು ಬಳಸುತ್ತಿದ್ದವು. ಮಂಡ್ಯ ಕಚೇರಿಯದ್ದನ್ನು ತಹಸೀನ್ ಬರೆದಿದ್ದಳು. ದೊಡ್ಡ ಫೋನಿನವರು ನೋಡುವ ಆ್ಯಪನ್ನು ಮದ್ದೂರಿನ ಯತೀಶ ಬರೆದಿದ್ದ. ಎಲ್ಲರಿಗೂ ಮೆಸೇಜ್ ಕಳಿಸುವುದನ್ನು ಮಳವಳ್ಳಿಯ ಮಂಜುಶ್ರೀ ಬರೆದಿದ್ದಳು.

ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ತೂಬಿನ ಹತ್ತಿರ ಆರೇಳು ಜನ ಸೇರಿದ್ದರು. ಹೊಂಬಾಳಮ್ಮ ತೂಬಿನ ಕಲ್ಲಿನ ಮೇಲೆ ಕೂತಿದ್ದಳು. ಅರವತ್ತು ದಾಟಿದ ಹೆಂಗಸು, ಮುಕ್ಕಾಲು ಎಕರೆ ಗದ್ದೆ, ಅದೂ ನಾಲೆಯ ಕಟ್ಟಕಡೆಗೆ. ಅವಳ ಕೈಯಲ್ಲಿ ಗುಂಡಿ ಒತ್ತುವ ಹಳೆಯ ಫೋನು. ಎದುರಿಗೆ ಮರಿಸಿದ್ದಯ್ಯ, ನಾಲೆಯ ತಲೆಭಾಗದವನು, ದೊಡ್ಡ ಫೋನನ್ನು ಆರತಿ ತಟ್ಟೆಯಂತೆ ಹಿಡಿದು ನಿಂತಿದ್ದ.

"ನೋಡು ಮಗ," ಎಂದಳು ಹೊಂಬಾಳಮ್ಮ, "ನಂದು ಸಣ್ ಪೋನು. ಇದ್ರಾಗೆ ಸುಳ್ ಇಟ್ಕಳಕ್ಕೆ ಜಾಗ್ವೇ ಇಲ್ಲ."

"ನಂದು ಇಪ್ಪತ್ ಸಾವ್ರದ್ದು ಕಣಕ್ಕ."

"ಇಪ್ಪತ್ ಸಾವ್ರ ಕೊಟ್ಟು ಸುಳ್ ತಂದಿದ್ದೀಯೇನ್ಲಾ?"

ನಿಂತವರೆಲ್ಲ ನಕ್ಕರು. ತಹಸೀನ್‌ಗೆ ನಗು ಬರಲಿಲ್ಲ. ಎರಡೂ ಫೋನುಗಳನ್ನು ಪಕ್ಕಪಕ್ಕ ಹಿಡಿದು ಓದಿದಳು. ಸುಳ್ಳು ದೊಡ್ಡ ಫೋನಿನದೇ ಆಗಿತ್ತು. ಈ ಸಲದ ಸಭೆಯಲ್ಲಿ ನಿಯಮ ಬದಲಾಗಿತ್ತು. ಇಷ್ಟು ವರ್ಷ ತಲೆಭಾಗದಿಂದ ಕೆಳಕ್ಕೆ ನೀರು ಕೊಡುತ್ತಿದ್ದರು. ಕೊನೆಯವರಿಗೆ ಮುಟ್ಟುವ ಹೊತ್ತಿಗೆ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಇನ್ನು ಮೇಲೆ ಕೊನೆಯಿಂದ ಶುರು ಎಂದು ತೀರ್ಮಾನವಾಗಿತ್ತು. ಆ್ಯಪಿನಲ್ಲಿ ಹಳೆಯ ಸರದಿ ಎಲ್ಲೋ ಒಂದು ಕಡೆ ಉಳಿದುಬಿಟ್ಟಿತ್ತು.

ಅಷ್ಟರಲ್ಲಿ ಕೆಂಪಸಿದ್ದಯ್ಯ ತನ್ನದೇ ನ್ಯಾಯ ಮಾಡಿ ಮುಗಿಸಿದ್ದ. ನಾಲ್ಕು ಗಂಟೆಯ ನೀರನ್ನು ಇಬ್ಬರಿಗೂ ಎರಡೆರಡು ಗಂಟೆ ಎಂದು ಹಂಚಿದ್ದ. ಆದರೆ ಕೊನೆಯ ಗದ್ದೆಗೆ ನೀರು ಹರಿದು ಮುಟ್ಟಲಿಕ್ಕೇ ಒಂದು ಗಂಟೆ ಬೇಕು. ಹತ್ತು ಗಂಟೆಗೆ ನೋಡಿದರೆ ಹೊಂಬಾಳಮ್ಮನ ಗದ್ದೆ ಅರ್ಧ ಒದ್ದೆ, ಅರ್ಧ ಒಣ. ಕೆಸರು ಉಳಲು ಬಂದ ಟ್ರ್ಯಾಕ್ಟರು ಹಿಂದಕ್ಕೆ ಹೋಯಿತು. ನಾಟಿ ಹಾಕಲು ಮಳವಳ್ಳಿ ಕಡೆಯಿಂದ ಗೂಡ್ಸ್ ಆಟೋದಲ್ಲಿ ಬಂದಿದ್ದ ಎಂಟು ಜನ ಹೆಂಗಸರು ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಬೇರೆಯವರ ಗದ್ದೆಗೆ ಹೊರಟರು.

"ಗೊತ್ತಿದ್ರೆ ನಾನು ಬತ್ತಾನೇ ಇರ್ಲಿಲ್ಲ ಕಣಕ್ಕ," ಎಂದ ಮರಿಸಿದ್ದಯ್ಯ, ಫೋನನ್ನು ಜೇಬಿಗೆ ಹಾಕುತ್ತ. "ನಮ್ದು ನಾಟಿ ಆಗಿ ಮೂರ್ ದಿಸ ಆಗದೆ. ಪೋನು ಬಾ ಅಂತು, ಬಂದೆ."

"ಅದು ಬಾವಿಗೆ ಬೀಳು ಅಂದ್ರೂ ಬಿದ್ದೀಯಾ, ಬುಡು."

ಹೊಂಬಾಳಮ್ಮ ಮಾತಿನಲ್ಲಿ ನಗಿಸುತ್ತಿದ್ದರೂ ಕಣ್ಣು ಮಾತ್ರ ಗದ್ದೆಯ ಮೂಲೆಯ ಒಟ್ಲಿನ ಮೇಲೇ ಇತ್ತು. ಬತ್ತದ ಸಸಿಗಳು ಒತ್ತೊತ್ತಾಗಿ ಬೆಳೆದು ನಿಂತಿದ್ದವು. "ಇಪ್ಪತ್ತೈದು ದಿಸದ ಪೈರು," ಎಂದಳು. "ತಿಂಗ್ಳು ದಾಟಿದ್ರೆ ನೆಟ್ಟೂ ಸುಖ ಇಲ್ಲ. ದನಕ್ಕೆ ಹಾಕಬೇಕಾಯ್ತದೆ. ನಂಗೆ ಇನ್ ಯಾವತ್ತವ್ವ ನೀರು?"

ತಹಸೀನ್ ಲೆಕ್ಕ ಹಾಕಿದಳು. ಮುಂದಿನ ಸುತ್ತು ಮಂಗಳವಾರ ಶುರು. ಮಂಗಳವಾರಕ್ಕೆ ಪೈರಿಗೆ ಮೂವತ್ತು ದಿನ. ಯಾರು ಏನು ಕೇಳಿದರೂ 'ಸುಮಾರು', 'ಬಹುಶಃ', 'ನೋಡಿ ಹೇಳ್ತೀನಿ' ಎನ್ನುವುದು ಅವಳ ಅಭ್ಯಾಸ. ಅಂದು ಅದೇನಾಯಿತೋ, "ಮಂಗಳವಾರ ಬೆಳಿಗ್ಗೆ ಆರಕ್ಕೆ, ಪೂರಾ ನಾಲ್ಕು ಗಂಟೆ, ನಿಮಗೊಬ್ಬರಿಗೇ. ಆಳುಗಳಿಗೆ ಹೇಳಿಬಿಡಿ" ಎಂದುಬಿಟ್ಟಳು. ದಾರಿಯುದ್ದಕ್ಕೂ ಆ ಮಾತು ಅವಳ ಬೆನ್ನ ಹಿಂದೆಯೇ ಸ್ಕೂಟರಿನಲ್ಲಿ ಕೂತುಕೊಂಡು ಬಂದ ಹಾಗಿತ್ತು.

ಕಚೇರಿಗೆ ಬಂದು ದಿನದ ಲೆಕ್ಕ ತುಂಬಿಸಬೇಕಿತ್ತು. ಪರದೆಯ ಮೇಲೆ ಪ್ರತಿ ಹೆಸರಿನ ಮುಂದೆ ಎರಡೇ ಆಯ್ಕೆ: 'ಕೊಟ್ಟಾಗಿದೆ', 'ಕೊಟ್ಟಿಲ್ಲ'. ಹೊಂಬಾಳಮ್ಮನ ಹೆಸರಿನ ಮುಂದೆ ಅವಳು ಬಹಳ ಹೊತ್ತು ಕೂತಳು. ತೂಬು ತೆಗೆದದ್ದು ನಿಜ, ನೀರು ಹರಿದದ್ದೂ ನಿಜ. ಕೊಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. 'ಕೊಟ್ಟಾಗಿದೆ' ಎಂದೇ ಒತ್ತಿದಳು.

ಶುಕ್ರವಾರ ಕಾರ್ಯದರ್ಶಿ ರಘುನಂದನ್ ಮೂವರನ್ನೂ ಮಂಡ್ಯ ಕಚೇರಿಗೆ ಕರೆಸಿದರು. ಯತೀಶ ಬಂದವನೇ ಕೈ ಮುಗಿದ.

"ತಪ್ಪು ನಂದೇ ಸಾರ್. 'ಇವತ್ತು ಯಾರ ಸರದಿ' ಅನ್ನೋ ಪ್ರಶ್ನೇನ ನನ್ನ ಆ್ಯಪಲ್ಲಿ ಒಂಬತ್ತು ಕಡೆ ಬರ್ದಿದ್ದೆ. ಎಂಟು ಕಡೆ ತಿದ್ದಿದೆ."

"ಒಂಬತ್ತು ಕಡೆ ಯಾಕಯ್ಯ?"

"ಬೇಕಾದಾಗೆಲ್ಲ ಅಲ್ಲಲ್ಲೇ ಬರ್ಕೊಂಡೋದೆ ಸಾರ್. ಕೈಗೆ ಸಿಕ್ಕಂಗಿರ್ಲಿ ಅಂತ."

ತಹಸೀನ್ ರಾತ್ರಿಯೆಲ್ಲ ಹೊಂದಿಸಿಕೊಂಡಿದ್ದ ಮಾತನ್ನು ಮೆಲ್ಲಗೆ ತೆಗೆದಳು. "ಸರ್, ಯತೀಶನೊಬ್ಬನ ತಪ್ಪಲ್ಲ ಇದು. ನಾವು ಮೂವರೂ ಅದೇ ಪ್ರಶ್ನೇನ ನಮ್ಮನಮ್ಮ ಪ್ರೋಗ್ರಾಮ್ ಒಳಗೆ ಬೇರೆ ಬೇರೆ ಬರ್ಕೊಂಡಿದೀವಿ. ಇವತ್ತು ಅವನದು ತಪ್ಪಿತು, ನಾಳೆ ನನ್ನದು. ಅದರ ಬದಲು ಡೇಟಾಬೇಸ್ ಒಳಗೇ ಒಂದು ಸಲ ಬರೆದು ಹೆಸರಿಟ್ಟುಬಿಡೋಣ. ಸ್ಟೋರ್ಡ್ ಪ್ರೊಸೀಜರ್ ಅಂತಾರೆ. ನಾವು ಬರೀ ಹೆಸರು ಹಿಡಿದು ಕರೆದರೆ ಸಾಕು, ಉತ್ತರ ಅದೇ ಕೊಡುತ್ತೆ. ನಿಯಮ ಬದಲಾದರೆ ಅಲ್ಲಿ ಒಂದು ಕಡೆ ತಿದ್ದಿದರೆ ಮೂರೂ ಊರಲ್ಲೂ ಸರಿಹೋಗುತ್ತೆ."

"ಕೇಳಕ್ಕೆ ಚೆನ್ನಾಗದೆ ಅಕ್ಕ," ಎಂದ ಯತೀಶ. "ಆದ್ರೆ ಅಲ್ಲಿ ತಪ್ಪಾದ್ರೆ ಮೂರೂ ಊರಲ್ಲಿ ಒಂದೇ ಸಲ ತಪ್ಪಾಯ್ತದೆ. ಇನ್ನೊಂದು, ನನ್ನ ಕೋಡಲ್ಲಿ ಯಾವ ಸಾಲು ಯಾರು ಯಾವತ್ತು ತಿದ್ದಿದ್ರು ಅಂತ ದಾಖಲೆ ಇರ್ತದೆ. ತೆಗೆದು ನೋಡ್ಬೋದು, ಪರೀಕ್ಷೆ ಮಾಡ್ಬೋದು. ಡೇಟಾಬೇಸ್ ಒಳಗೆ ಹೋಗಿ ಕೂತ್ರೆ ಯಾರ್ ಕಣ್ಣಿಗೂ ಬೀಳಲ್ಲ. ಮದುವೆ ಮನೆ ಅಡುಗೆ ಇದ್ದಂಗೆ. ಎಲೆಗೆ ಬಡಿಸ್ತಾರೆ, ಉಣ್ತೀವಿ. ಒಳಗೆ ಸಾರಿಗೆ ಏನ್ ಬಿತ್ತು ಅಂತ ಯಾರು ನೋಡಿದಾರೆ?"

"ನಿನ್ ಕೋಡಲ್ಲಿ ಎಲ್ಲಾ ಕಣ್ಣಿಗೆ ಬೀಳ್ತಿತ್ತಲ್ಲ," ಎಂದಳು ಮಂಜುಶ್ರೀ. "ಒಂಬತ್ತನೇದು ಯಾಕೆ ಬೀಳ್ಲಿಲ್ಲ?"

ರಘುನಂದನ್ ನಕ್ಕುಬಿಟ್ಟರು. ಯತೀಶನೂ ನಕ್ಕ. ತಹಸೀನ್ ಹೇಳಿದ ಹಾಗೇ ಮಾಡುವುದೆಂದು ತೀರ್ಮಾನವಾಯಿತು. ಸೋಮವಾರ ಸಂಜೆ ಐದಕ್ಕೆ ಮುಂದಿನ ಸುತ್ತಿನ ಮೆಸೇಜುಗಳು ಹೋಗಬೇಕು, ಅದರೊಳಗೆ ಮುಗಿಸಿ ಎಂದರು. ಗೆದ್ದ ಮೇಲೂ ಅವಳಿಗೆ ನೆಮ್ಮದಿಯಿರಲಿಲ್ಲ. ಯತೀಶ ಆಡಿದ ಮಾತಿನಲ್ಲಿ ಒಂದೂ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂರೂ ಊರಲ್ಲಿ ಒಂದೇ ಸಲ ತಪ್ಪಾದರೆ?

ಶನಿವಾರ, ಭಾನುವಾರ ಕೂತು ಬರೆದಳು. 'ಸರದಿ' ಎಂದೇ ಅದಕ್ಕೆ ಹೆಸರಿಟ್ಟಳು. ನಲವತ್ತು ಸಾಲು. ಕೊನೆಯ ಜಮೀನಿನಿಂದ ಮೇಲಕ್ಕೆ; ಈ ಸುತ್ತಿನಲ್ಲಿ ನೀರು ಪಡೆದವರು ಪಟ್ಟಿಯ ಹಿಂದಕ್ಕೆ. ಸೋಮವಾರ ಮಧ್ಯಾಹ್ನ ಯತೀಶನೂ ಮಂಜುಶ್ರೀಯೂ ಮಂಡ್ಯ ಕಚೇರಿಗೇ ಬಂದರು. ಯತೀಶ ತನ್ನ ಒಂಬತ್ತೂ ಪ್ರಶ್ನೆಗಳನ್ನು ಕಿತ್ತುಹಾಕಿ 'ಸರದಿ'ಯನ್ನು ಕರೆದ. ಮಂಜುಶ್ರೀಯೂ ಕರೆದಳು. ಐದು ಗಂಟೆಗೆ ಮೆಸೇಜುಗಳು ಹೋದವು. ತಹಸೀನ್ ಮೂರು ಕಡೆಯ ಪಟ್ಟಿಯನ್ನೂ ಅಚ್ಚು ಹಾಕಿಸಿ, ಬೆರಳಿಟ್ಟು ಸಾಲುಸಾಲಾಗಿ ಹೋಲಿಸಿದಳು. ಒಂದಕ್ಷರ ವ್ಯತ್ಯಾಸವಿರಲಿಲ್ಲ. ಕುರ್ಚಿಗೆ ಒರಗಿ, ಆರಿಹೋಗಿದ್ದ ಟೀಯನ್ನೇ ಸಂತೋಷದಿಂದ ಕುಡಿದಳು.

ಐದೂಕಾಲಿಗೆ ಫೋನ್ ಬಂತು.

"ಮಗ, ನಾನು ಕಣವ್ವ, ಒಂಬಾಳಮ್ಮ. ಈಗ ಮೆಸೇಜ್ ಬಂತು. ನಮ್ ಪಕ್ಕದ ಮನೆ ಐಕ್ಳು ಓದುದ್ವು. ನಿಮ್ ನೀರು ಮುಂದುನ್ ವಾರದ್ ಬುಧ್ವಾರ ಅಂತ ಅದ್ಯಂತೆ. ನಾನು ನೀನೇಳಿದ್ದು ನಂಬ್ಲಾ, ಪೋನು ಏಳಿದ್ದು ನಂಬ್ಲಾ?"

ತಹಸೀನ್ ಕಣ್ಣು ಪಟ್ಟಿಯ ಮೇಲೆ ಓಡಿತು. ಮಂಗಳವಾರ ಬೆಳಿಗ್ಗೆ ಆರು ಗಂಟೆ: ಪುಟ್ಟರಾಜು. ಹೊಂಬಾಳಮ್ಮನಿಗಿಂತ ಒಂದು ಗದ್ದೆ ಮೇಲಿನವನು. ಹೊಂಬಾಳಮ್ಮನ ಹೆಸರು ಕಟ್ಟಕೊನೆಗೆ ಹೋಗಿ ಕೂತಿತ್ತು. ಮೂರೂ ಪಟ್ಟಿಯಲ್ಲಿ, ಒಂದಕ್ಷರವೂ ವ್ಯತ್ಯಾಸವಿಲ್ಲದೆ.

"ನಾಟಿ ಎಂಗುಸ್ರು ಏಳ್ ಗಂಟೆವರ್ಗೂ ಕಾಯ್ತೀವಿ ಅಂದವ್ರೆ," ಎಂದಳು ಹೊಂಬಾಳಮ್ಮ. "ಬ್ಯಾಡ ಅಂದ್ರೆ ಇನ್ನೊಬ್ರು ಗದ್ದೆಗೆ ಒಪ್ಕತಾರೆ. ಏನೇಳ್ಲಿ?"

"ಏಳರೊಳಗೆ ಹೇಳ್ತೀನಮ್ಮ. ಬೇಡ ಅನ್ನಬೇಡಿ, ಅಲ್ಲಿವರೆಗೆ ಬೇಡ ಅನ್ನಬೇಡಿ."

ಯತೀಶನೂ ಮಂಜುಶ್ರೀಯೂ ಇನ್ನೂ ಬಸ್ಸು ಹಿಡಿದಿರಲಿಲ್ಲ. ತಹಸೀನ್ ಮುಖ ನೋಡಿ ಯತೀಶ ಬ್ಯಾಗು ಕೆಳಗಿಟ್ಟ.

"ಏನಕ್ಕ? ಸಾರಿಗೆ ಏನ್ ಬಿತ್ತು?"

"ನಾನೇ ಬಿದ್ದೆ," ಎಂದಳು ತಹಸೀನ್. ಗುರುವಾರ 'ಕೊಟ್ಟಾಗಿದೆ' ಎಂದು ಒತ್ತಿದ್ದನ್ನು ಹೇಳಿದಳು. ಪ್ರೊಸೀಜರ್ ಹೇಳಿದ್ದನ್ನೇ ಮಾಡಿತ್ತು. ನೀರು ಸಿಕ್ಕಿದವರನ್ನು ಹಿಂದಕ್ಕೆ ಕಳಿಸಿತ್ತು. ಅರ್ಧ ಸಿಕ್ಕಿದವರನ್ನು ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

"ಅರ್ಧ ಸಿಕ್ಕಿದವ್ರಿಗೆ ನಿಯಮ ಏನು?" ಎಂದಳು ಮಂಜುಶ್ರೀ.

ಮೂವರೂ ಸೇರಿ ಒಕ್ಕೂಟದ ನಿಯಮದ ಪುಸ್ತಕವನ್ನು ತಿರುವಿ ಹಾಕಿದರು. ಅದರಲ್ಲಿ ಆ ಮಾತೇ ಇರಲಿಲ್ಲ. ತಹಸೀನ್ ಕೆಂಪಸಿದ್ದಯ್ಯನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಅರೆನೀರಾ?" ಎಂದ ಕೆಂಪಸಿದ್ದಯ್ಯ. "ಅದೇನ್ ಕೇಳಾದವ್ವ. ಕೊನೆ ಬದು ಮುಟ್ನಿಲ್ಲ ಅಂದ್ರೆ ಅದು ನೀರೇ ಅಲ್ಲ. ಮುಂದ್ಲು ಸುತ್ನಾಗೆ ಅವ್ರದ್ದೇ ಮೊದ್ಲು. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇ."

"ಇದನ್ನ ನಮಗೆ ಯಾಕೆ ಹೇಳಲಿಲ್ಲ?"

"ನೀವ್ ಯಾವತ್ ಕೇಳುದ್ರಿ?"

"ಹಾಗಾದರೆ ನಾಳೆ ಆರಕ್ಕೆ ಯಾರಿಗೆ ತೂಬು ತೆಗೀತಿದ್ರಿ?"

"ಒಂಬಾಳಮ್ಮಂಗೆಯಾ. ಮತ್ಯಾರ್ಗೆ?"

"ಮೆಸೇಜಿನಲ್ಲಿ ಪುಟ್ಟರಾಜು ಅಂತ ಇದೆಯಲ್ಲ!"

"ಅದ್ನ ನಾನ್ ಯಾವತ್ ನೋಡಿದ್ದೀನವ್ವ?"

ಯತೀಶ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಅವನ ಭುಜ ಕುಣಿಯುತ್ತಿತ್ತು. ಆರು ವರ್ಷದಿಂದ ಮೂರು ಊರಿನಲ್ಲಿ ಕೂತು ಮೂವರು ತಿದ್ದಿದ್ದೇ ತಿದ್ದಿದ್ದು, ತೂಬು ತೆಗೆಯುವವನು ಅದನ್ನು ಒಂದು ದಿನವೂ ನೋಡಿರಲಿಲ್ಲ. ತಹಸೀನ್‌ಗೂ ನಗು ಬಂತು. ಆದರೆ ಗಂಟೆ ಐದೂ ಮುಕ್ಕಾಲಾಗಿತ್ತು. ಕೆಂಪಸಿದ್ದಯ್ಯ ಹೇಗೂ ತೆಗೆಯುತ್ತಾನೆ ಎಂದು ಬಿಟ್ಟರೆ ನಾಳೆ ಪುಟ್ಟರಾಜು ಬಂದು ನಿಲ್ಲುತ್ತಾನೆ. ಮತ್ತೆ ಇಬ್ಬರು, ಒಂದು ತೂಬು, ಮತ್ತೆ ಎರಡೆರಡು ಗಂಟೆ. ಮೂವತ್ತು ದಿನದ ಪೈರು ದನಕ್ಕೆ.

ಲೆಕ್ಕ ತುಂಬುವ ಪರದೆಗೆ 'ಅರ್ಧ' ಎಂಬ ಮೂರನೇ ಆಯ್ಕೆ ಸೇರಿಸಿ, ಗುರುವಾರದ ಇಬ್ಬರ ಲೆಕ್ಕವನ್ನೂ ಅದಕ್ಕೆ ತಿದ್ದಿದಳು. ಪ್ರೊಸೀಜರಿನಲ್ಲಿ ನಾಲ್ಕು ಸಾಲು ಹೆಚ್ಚು ಬರೆದಳು: ಅರ್ಧ ಸಿಕ್ಕಿದವರು ಮುಂದಿನ ಸುತ್ತಿನ ತಲೆಗೆ. ಬರೆದಳು, ಆದರೆ ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ಹಾಗೇ ಕೂತಳು. ಈ ನಾಲ್ಕು ಸಾಲು ಬೇರೆ ಯಾರ ಸರದಿಯನ್ನು ಕೆಡಿಸುತ್ತದೋ? ಒತ್ತಿದ ಕ್ಷಣ ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ಹೋಗುತ್ತದೆ.

"ತಡಿ ಅಕ್ಕ," ಎಂದ ಯತೀಶ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. "ಮೊದ್ಲು ಇದನ್ನ ನಮ್ಮ ಕೋಡ್ ಇಡೋ ಜಾಗಕ್ಕೆ ಹಾಕು. ಹಳೇದೂ ಹಾಕು. ಯಾರು, ಯಾವತ್ತು, ಯಾಕೆ ತಿದ್ದಿದ್ರು ಅಂತ ಅಲ್ಲಿರ್ಲಿ. ಡೇಟಾಬೇಸ್ ಒಳಗೇ ಇದ್ರೂ ಕಣ್ಣಿಗೆ ಬೀಳ್ಬೇಕು. ಆಮೇಲೆ ಪರೀಕ್ಷೆ."

"ಪರೀಕ್ಷೆಗೆ ಹೊತ್ತೆಲ್ಲಿದೆ?"

"ಮೇಷ್ಟ್ರು ಲೈನಲ್ಲೇ ಅವ್ರಲ್ಲ." ಅವನು ಫೋನಿನ ಕಡೆ ಬಗ್ಗಿದ. "ಕೆಂಪಸಿದ್ದಯ್ಯನೋರೆ, ಓದ್ ವರ್ಸ ಯಾರ್ಯಾರ್ಗೆ ಅರೆನೀರಾಗಿತ್ತು ನೆಪ್ಪದಾ?"

"ನೆಪ್ಪಿಲ್ದೆ ಏನು. ಐದ್ ಜನ್ಕೆ."

"ಒಬ್ಬೊಬ್ರುದೇ ಏಳಿ. ಇಲ್ಲಿ ಅಕ್ಕನ ಮಿಸಿನ್ನು ಏನೇಳ್ತದೆ ನೋಡಾಣ."

ಕೆಂಪಸಿದ್ದಯ್ಯ ಹೆಸರು ಹೇಳಿದ, ಮುಂದಿನ ಸುತ್ತಿನಲ್ಲಿ ಮೊದಲು ಯಾರಿಗೆ ಕೊಟ್ಟೆ ಎಂದೂ ಹೇಳಿದ. ಮಂಜುಶ್ರೀ ಬರೆದುಕೊಂಡಳು. ತಹಸೀನ್ ಹಳೆಯ ಪಟ್ಟಿಯ ಒಂದು ನಕಲಿನ ಮೇಲೆ ಪ್ರೊಸೀಜರ್ ಓಡಿಸಿದಳು. ಮೊದಲನೆಯದು ತಾಳೆಯಾಯಿತು. ಎರಡು, ಮೂರು, ನಾಲ್ಕೂ ಆಯಿತು. ಐದನೆಯದು ಆಗಲಿಲ್ಲ. ಪರದೆಯಲ್ಲಿ ಒಂದು ಹೆಸರು, ಕೆಂಪಸಿದ್ದಯ್ಯ ಹೇಳಿದ್ದು ಇನ್ನೊಂದು.

"ಒಂದೇ ಸುತ್ನಾಗೆ ಇಬ್ರಿಗೆ ಅರೆನೀರಾಗಿತ್ತು ಕಣವ್ವ ಅವಾಗ," ಎಂದ ಕೆಂಪಸಿದ್ದಯ್ಯ. "ಇಬ್ರಾದ್ರೆ ಕೆಳುಗ್ಲೋರ್ಗೆ ಮೊದ್ಲು."

ಅವಳು ಬರೆದದ್ದರಲ್ಲಿ ಇಬ್ಬರಾದರೆ ಯಾರೆಂಬುದೇ ಇರಲಿಲ್ಲ. ಯಾರ ಹೆಸರು ಮೊದಲು ಸಿಕ್ಕಿತೋ ಅವರು. ಗುರುವಾರ ಮರಿಸಿದ್ದಯ್ಯನಿಗೂ ಅರ್ಧವೇ ಸಿಕ್ಕಿತ್ತು. ಹಾಗೇ ಒತ್ತಿದ್ದರೆ ನಾಳೆ ಆರಕ್ಕೆ ಮರಿಸಿದ್ದಯ್ಯ ಮತ್ತೆ ದೊಡ್ಡ ಫೋನ್ ಹಿಡಿದು ಬರುವ ಸಂಭವವೂ ಇತ್ತು. ಇನ್ನೊಂದು ಸಾಲು ಬರೆದಳು. ಐದೂ ತಾಳೆಯಾದವು.

"ಪಾಸಾಯ್ತಾ ನಿಮ್ ಮಿಸಿನ್ನು?" ಎಂದಿತು ಫೋನು.

"ಆಯ್ತು ಕಣಣ್ಣ, ಗ್ರೇಸ್ ಮಾರ್ಕ್ಸಲ್ಲಿ," ಎಂದ ಯತೀಶ.

ಒತ್ತಿದಳು. ಆರೂವರೆಗೆ ಹೊಸ ಮೆಸೇಜು ಹೋಯಿತು. ಅದು ಎಲ್ಲರಿಗೂ ಮುಟ್ಟುತ್ತದೆಂದು ನಂಬದೆ, ಮರಿಸಿದ್ದಯ್ಯನಿಗೆ ಮಂಜುಶ್ರೀ, ಪುಟ್ಟರಾಜುಗೆ ತಹಸೀನ್ ಫೋನ್ ಮಾಡಿದರು. ಮರಿಸಿದ್ದಯ್ಯ ತನ್ನ ಅರೆನೀರನ್ನು ಹೊಂಬಾಳಮ್ಮನ ಲೆಕ್ಕಕ್ಕೇ ಹಾಕಿಕೊಳ್ಳಿ ಎಂದ. ಹಾಗೆ ಹಾಕಲು ಪ್ರೊಸೀಜರಿನಲ್ಲಿ ಜಾಗವಿಲ್ಲ ಎಂದು ಮಂಜುಶ್ರೀ ಅವನಿಗೆ ನಯವಾಗಿ ಹೇಳಬೇಕಾಯಿತು. ಪುಟ್ಟರಾಜು ತಹಸೀನ್ ಪೂರ್ತಿ ಹೇಳುವ ಮೊದಲೇ ನಕ್ಕ.

"ನಂಗೊತ್ತಿತ್ತು ಬುಡಿ ಮೇಡಂ. ಆಯಮ್ಮುಂದು ಅರೆನೀರದೆ, ನಂದೆಂಗ್ ಬತ್ತದೆ? ಮೆಸೇಜ್ ನೋಡ್ಬುಟ್ಟು ಏನೋ ತಮಾಸೆ ಮಾಡವ್ರೆ ಅನ್ಕಂಡೆ."

ಆರೂ ಮುಕ್ಕಾಲಿಗೆ ಹೊಂಬಾಳಮ್ಮನಿಗೆ ಫೋನ್ ಮಾಡಿ, "ಬರಹೇಳಿ ಅಮ್ಮ" ಎಂದಳು.

"ನಾನಾಗ್ಲೇ ಬರೇಳಾಯ್ತು ಕಣವ್ವ," ಎಂದಳು ಹೊಂಬಾಳಮ್ಮ. "ನೀನು ಬ್ಯಾಡ ಅನ್ನಬ್ಯಾಡಿ ಬ್ಯಾಡ ಅನ್ನಬ್ಯಾಡಿ ಅಂತ ಎಲ್ಡ್ ಸಲ ಅಂದ್ಯಲ್ಲ, ಆವಾಗ್ಲೇ ತಿಳ್ಕಂಡೆ."

ಮಂಗಳವಾರ ತಹಸೀನ್ ಐದೂ ಮುಕ್ಕಾಲಿಗೇ ತೂಬಿನ ಹತ್ತಿರ ನಿಂತಿದ್ದಳು. ಅತ್ತಿತ್ತ ನೋಡಿದಳು. ನಾಲೆಯ ಏರಿ ಖಾಲಿ. ಬೇರೆ ಯಾರೂ ಫೋನ್ ಹಿಡಿದು ಬರಲಿಲ್ಲ. ಕೆಂಪಸಿದ್ದಯ್ಯ ತೂಬಿನ ತಿರುಪನ್ನು ತಿರುಗಿಸಿದ. ನೀರು ಒಂದು ಸಲ ಕೆಮ್ಮಿ, ಆಮೇಲೆ ಸಲೀಸಾಗಿ ಹರಿಯಿತು. ಏಳಕ್ಕೆ ಕೊನೆಯ ಗದ್ದೆ ಮುಟ್ಟಿತು. ಒಂಬತ್ತರ ಹೊತ್ತಿಗೆ ಟ್ರ್ಯಾಕ್ಟರು ಕೆಸರು ಕಲಸುತ್ತಿತ್ತು. ಹತ್ತಕ್ಕೆ ಕಡೆಯ ಬದುವಿನ ಕಾಲಬುಡಕ್ಕೆ ನೀರು ಬಂದು ನಿಂತಿತು. ಎಂಟು ಜನ ಹೆಂಗಸರು ಸೀರೆ ಎತ್ತಿ ಕಟ್ಟಿ ಸಾಲಾಗಿ ಇಳಿದರು.

ಯತೀಶನೂ ಮದ್ದೂರಿನಿಂದ ಬೈಕಿನಲ್ಲಿ ಬಂದಿದ್ದ. ತನ್ನ ಒಂಬತ್ತನೆಯ ಪ್ರಶ್ನೆಯಿಂದ ಇಷ್ಟೆಲ್ಲ ಆಯಿತೆಂದು ಹೊಂಬಾಳಮ್ಮನಿಗೆ ಹೇಳಿ ತಪ್ಪೊಪ್ಪಿಕೊಂಡ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬೂಟ್ ಬಿಚ್ಚು. ಇಳಿ."

ಇಳಿದ. ಕೈಗೊಂದು ಕಟ್ಟು ಪೈರು ಕೊಟ್ಟರು. ಅವನು ನೆಟ್ಟ ಸಾಲು ಕುಡಿದವನ ನಡಿಗೆಯ ಹಾಗಿತ್ತು. ಹೆಂಗಸರು ನಗುತ್ತ, ಅವನ ಹಿಂದೆಯೇ ಬಂದು ಒಂದೊಂದನ್ನೂ ಕಿತ್ತು ಮತ್ತೆ ನೆಟ್ಟರು.

ಕೆಂಪಸಿದ್ದಯ್ಯ ಬದುವಿನ ಮೇಲೆ ತಹಸೀನ್ ಪಕ್ಕದಲ್ಲಿ ಬಂದು ಕೂತ. "ತಾಸೀನವ್ವ," ಎಂದ, "ನೆನ್ನೆ ಕೇಳುದ್ರಲ್ಲ, ಅದ್ಕೇ ಏಳ್ತೀನಿ. ಬಾಣಂತಿ ಇರೋ ಮನೆಗೆ ಬೆಳಿಗ್ಗೆ ಆರ್ಕೆ ನೀರ್ ಕೊಡಕಿಲ್ಲ. ಎಂಟ್ರ ಮ್ಯಾಲೆಯಾ. ಬರ್ಕ."

ತಹಸೀನ್ ಚೀಲದಿಂದ ಪೆನ್ನು, ಪುಸ್ತಕ ತೆಗೆದಳು. "ಎಷ್ಟು ದಿನದವರೆಗೆ?"

"ಮಗೀನ ತೊಟ್ಲಿಗಾಕೋ ಗಂಟ."

"ಅಕ್ಕಾ," ಎಂದು ಗದ್ದೆಯ ನಡುವಿನಿಂದ ಯತೀಶ ಕೂಗಿದ, ಮೊಣಕಾಲವರೆಗೆ ಕೆಸರಿನಲ್ಲಿ, ಕೈಯಲ್ಲಿ ಪೈರು ಹಿಡಿದುಕೊಂಡೇ, "ತೊಟ್ಲು ಶಾಸ್ತ್ರದ ತಾರೀಕು ನಮ್ ಡೇಟಾಬೇಸ್‌ನಲ್ಲಿ ಎಲ್ಲದೆ?"

"ಅದ್ಕೇನು," ಎಂದಳು ಹೊಂಬಾಳಮ್ಮ, ಅವನು ನೆಟ್ಟದ್ದನ್ನು ಕೀಳುತ್ತ. "ಮನೆಮನೆಗೋಗಿ ಕೇಳು. ಪಾಯ್ಸನಾದ್ರೂ ಸಿಕ್ತದೆ."

ತಹಸೀನ್ ನಗುತ್ತ ಬರೆದುಕೊಂಡಳು. ಕೆಂಪಸಿದ್ದಯ್ಯ ಆಗಲೇ ಮುಂದಿನದನ್ನು ಶುರು ಮಾಡಿದ್ದ.